ಆಲ್ಟೊ ಬಾಗಿಲಿನ ಗಾಜು ನಾನೇ ಹಾಕಿದ್ದು: ಎಷ್ಟು ಖರ್ಚಾಯಿತು, ಇನ್ಶೂರೆನ್ಸ್ ಯಾಕೆ ಕೇಳಲಿಲ್ಲ

2023ರ ಜುಲೈ ತಿಂಗಳು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮಳೆ ಒಂದೆರಡು ತಾಸು ಬಿಡುವು ಕೊಟ್ಟಿತ್ತು. ಆ ಬಿಡುವಿನಲ್ಲೇ ಅಂಗಳದ ಅಂಚಿನ ಹುಲ್ಲು ಹೊಡೆಸಿಬಿಡೋಣ ಅಂತ ಮೆಷಿನ್ ತಂದಿದ್ದ ಹುಡುಗನಿಗೆ ಹೇಳಿ ನಾನು ಕೊಟ್ಟಿಗೆಗೆ ಹೋಗಿದ್ದೆ. 'ಟಪ್' ಅಂತ ಒಂದು ಸದ್ದು, ಅದರ ಹಿಂದೆಯೇ ಜೋಳ ಚೆಲ್ಲಿದ ಹಾಗೆ ಸುರಿದ ಸದ್ದು. ಬಂದು ನೋಡಿದರೆ ಆಲ್ಟೊದ ಎಡಗಡೆ ಮುಂದಿನ ಬಾಗಿಲಿಗೆ ಗಾಜೇ ಇಲ್ಲ. ಸೀಟಿನ ಮೇಲೆಲ್ಲ ಹರಳು.

ಹುಡುಗ ಮೆಷಿನ್ ಆಫ್ ಮಾಡಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. "ಅಣ್ಣ, ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ" ಅಂದ. "ನಿನ್ನದೇನು ತಪ್ಪಿದೆ ಮಾರಾಯ, ಕಾರು ಇಲ್ಲಿ ನಿಲ್ಲಿಸಿದವನು ನಾನು" ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಈ ಮೆಷಿನ್ನುಗಳ ಜೊತೆ ಬರುವ ಪುಸ್ತಕದಲ್ಲೇ, ಓಡುವಾಗ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಬರೆದಿರುತ್ತದೆ. ನನ್ನ ಕಾರು ಆರೇಳು ಮೀಟರ್ ದೂರದಲ್ಲಿತ್ತು. ಅಲ್ಲಿ ಮಗಳು ನಿಂತಿದ್ದರೆ ಅನ್ನುವ ಯೋಚನೆಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೆಷಿನ್ನಿಗೆ ಸಿಕ್ಕಿ ಸಿಡಿದ ಕಡಲೆಕಾಯಿ ಗಾತ್ರದ ಕಲ್ಲೊಂದಕ್ಕೆ ಇಡೀ ಗಾಜು ಯಾಕೆ ಉದುರುತ್ತದೆ ಅಂತ ಹಲವರು ಕೇಳಿದರು. ಬಾಗಿಲಿನದು ಟಫನ್ಡ್ ಗಾಜು. ತಯಾರಿಸುವಾಗ 600 ಡಿಗ್ರಿಗೂ ಮೇಲೆ ಕಾಯಿಸಿ, ತಣ್ಣನೆಯ ಗಾಳಿ ಊದಿ ಒಮ್ಮೆಲೇ ಆರಿಸುತ್ತಾರೆ. ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಗಿನದು ನಿಧಾನಕ್ಕೆ ಆರುತ್ತಾ ಹೊರಮೈಯನ್ನು ಒಳಗೆಳೆದು ಬಿಗಿ ಹಿಡಿಯುತ್ತದೆ. ಹಾಗಾಗಿ ಅಂಗೈಯಲ್ಲಿ ಗುದ್ದಿದರೂ ಏನೂ ಆಗದ ಗಾಜಿಗೆ ಚೂಪು ಕಲ್ಲು ಹೊರಮೈ ದಾಟಿ ತಾಗಿದರೆ ಒಳಗಿನ ಬಿಗಿಯೆಲ್ಲ ಒಮ್ಮೆಲೇ ಬಿಟ್ಟುಕೊಂಡು ಹರಳುಹರಳಾಗುತ್ತದೆ. ಮುಂದಿನ ದೊಡ್ಡ ಗಾಜು ಬೇರೆ ಜಾತಿಯದು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಲ್ಯಾಮಿನೇಟೆಡ್ ಗಾಜು, ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ.

ಮೊದಲು ಮಾಡಿದ್ದು ಕಾರಿಗೆ ಕೊಟ್ಟೆ ಕಟ್ಟಿದ್ದು. ಅಡಿಕೆ ಗೊನೆಗೆ ಕೊಳೆ ಬಾರದಿರಲೆಂದು ಕಟ್ಟುವ ಪ್ಲಾಸ್ಟಿಕ್ಕು ಮನೆಯಲ್ಲಿತ್ತು. ಒದ್ದೆ ಪೇಂಟಿನ ಮೇಲೆ ಟೇಪು ನಿಲ್ಲುವುದಿಲ್ಲ, ನಿಂತರೂ ಆಮೇಲೆ ಅಂಟು ಬಿಡಿಸುವುದೇ ಒಂದು ಕೆಲಸ. ಅದಕ್ಕೆ ಬಾಗಿಲು ತೆಗೆದು, ಪ್ಲಾಸ್ಟಿಕ್ಕನ್ನು ಚೌಕಟ್ಟಿನ ಮೇಲಿಂದ ಒಳಕ್ಕೆ ಮಡಚಿ, ಬಾಗಿಲು ಹಾಕಿದೆ. ಬಾಗಿಲಿನ ರಬ್ಬರೇ ಅದನ್ನು ಕಚ್ಚಿ ಹಿಡಿಯಿತು. ಕೆಳಗಡೆ ಮಾತ್ರ ಒಂದು ಪಟ್ಟಿ ಟೇಪು. ಆ ರಾತ್ರಿಯ ಮಳೆಗೆ ಒಂದು ಹನಿಯೂ ಒಳಗೆ ಬರಲಿಲ್ಲ.

ಮಾರನೆಯ ದಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಗಾಜು, ಹೊರಗಿನ ಬೀಡಿಂಗು (ಗಾಜಿಗೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿ), ಕೂಲಿ, ತೆರಿಗೆ ಎಲ್ಲ ಸೇರಿ 3,150 ರೂಪಾಯಿ, ಗಾಜು ಬರಲು ಐದು ದಿನ ಅಂದರು. "ಇನ್ಶೂರೆನ್ಸ್ ಇದೆಯಲ್ಲ ಸರ್, ಕ್ಲೇಮ್ ಮಾಡಿಬಿಡಿ" ಅಂತಲೂ ಹೇಳಿದರು. ಪಾಲಿಸಿ ನನ್ನ ಹತ್ತಿರ ಇತ್ತು, ಫುಲ್ ಇನ್ಶೂರೆನ್ಸೇ. ಆದರೂ ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ಅರ್ಧ ಗಂಟೆ ಕೂತದ್ದು ಸಾರ್ಥಕವಾಯಿತು.

ಕ್ಲೇಮಿನಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ, ಗಾಡಿ ಎಷ್ಟು ಹಳತಾದರೂ ಗಾಜಿನ ಪೂರ್ತಿ ಬೆಲೆ ಲೆಕ್ಕಕ್ಕೆ ಬರುತ್ತದೆ. ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಕಳೆಯುತ್ತಾರೆ. ಸರ್ವಿಸ್ ಸೆಂಟರಿನ ಅಂದಾಜಿನಲ್ಲಿದ್ದ ಬೀಡಿಂಗಿನ 350ರಲ್ಲಿ 175 ಅಲ್ಲಿ ಹೋಯಿತು. ಆಮೇಲೆ ಕಡ್ಡಾಯ ಕಡಿತ: 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೆ 1,000 ರೂಪಾಯಿ ನಾವೇ ಕೊಡಬೇಕು, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಅಂದರೆ ನನ್ನ ಕೈಗೆ ಬರುವುದು 1,975.

ಕಳೆದುಕೊಳ್ಳುವುದೆಷ್ಟು ಅಂತ ಬಹಳ ಜನ ನೋಡುವುದೇ ಇಲ್ಲ. ಐದು ವರ್ಷ ಕ್ಲೇಮ್ ಮಾಡದೇ ಇದ್ದದ್ದಕ್ಕೆ ನನಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, 50 ಪರ್ಸೆಂಟಿಗೆ ಮುಟ್ಟಿತ್ತು. ಇದು ಸಿಗುವುದು ಬೇರೆಯವರಿಗಾದ ನಷ್ಟಕ್ಕಿರುವ ಥರ್ಡ್ ಪಾರ್ಟಿ ಭಾಗದ ಮೇಲಲ್ಲ, ನಮ್ಮದೇ ಗಾಡಿಯ ನಷ್ಟಕ್ಕಿರುವ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಮೇಲೆ ಮಾತ್ರ. ಒಂದು ಕ್ಲೇಮ್ ಮಾಡಿದರೆ ಸೊನ್ನೆ. ಆಮೇಲೆ ವರ್ಷವರ್ಷ 20, 25, 35, 45 ಅಂತ ಹತ್ತಿ ಮತ್ತೆ 50ಕ್ಕೆ ಬರಬೇಕು. 50 ಸಿಗಬೇಕಾದಲ್ಲಿ ಸೊನ್ನೆ, 50ರ ಬದಲು 20, 25, 35, 45. ಕಳೆದದ್ದನ್ನು ಕೂಡಿಸಿ: 50, 30, 25, 15, 5. ಒಟ್ಟು 125 ಪರ್ಸೆಂಟ್. ಅಂದರೆ ಒಂದು ಕ್ಲೇಮಿಗೆ ಒಂದೂಕಾಲು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಹೋಗುತ್ತದೆ. ನನ್ನದು ಬೋನಸ್ ಕಳೆಯುವ ಮೊದಲು 2,600 ಇತ್ತು. ಗಾಡಿ ಹಳತಾದಂತೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಆದರೂ 3,000ದ ಆಚೀಚೆ. 1,975 ತಗೊಳ್ಳಲು ಹೋಗಿ 3,000 ಕಳೆದುಕೊಳ್ಳುವುದು ಯಾವ ನ್ಯಾಯ?

ನನ್ನ ಭಾವನ ದೊಡ್ಡ ಕಾರಿನ ಮುಂದಿನ ಗಾಜು ಒಡೆದಾಗ ಕ್ಲೇಮ್ ಮಾಡಿ ಅಂತ ನಾನೇ ಹೇಳಿದ್ದೆ. ಅಲ್ಲಿ ಗಾಜಿನ ಹಿಂದೆ ಕ್ಯಾಮೆರಾ ಇತ್ತು, ಗಾಜು ಬದಲಿಸಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು, ಬಿಲ್ಲು ಹಲವು ಸಾವಿರ. ಅವರ ಪಾಲಿಸಿಯಲ್ಲಿ ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆಯೂ ಇತ್ತು. ಹಾಗಾಗಿ ಕ್ಲೇಮ್ ಮಾಡಲೇಬೇಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಪಾಲಿಸಿಯ ಓನ್ ಡ್ಯಾಮೇಜ್ ಅಂಕಿ ನೋಡಿ, ನಿಮ್ಮ ಬೋನಸ್ ಎಷ್ಟಿದೆ ನೋಡಿ, ಮೇಲಿನ ಲೆಕ್ಕ ಹಾಕಿ.

ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಸುಮಾರು 60 ಕಿಲೋಮೀಟರ್. ಬಿಡಿಭಾಗದ ಅಂಗಡಿಯವರು ಮೊದಲು ಕೇಳಿದ್ದು "ಯಾವ ವರ್ಷದ್ದು, ಎಡಗಡೆಯಾ ಬಲಗಡೆಯಾ?" ಆಮೇಲೆ "ಒರಿಜಿನಲ್ಲಾ, ಲೋಕಲ್ಲಾ?" ಲೋಕಲ್ 750, ಕಂಪನಿಯದು 1,150. ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ. ಕಂಪನಿಯದರಲ್ಲಿ ಕಾರಿನ ಉಳಿದ ಗಾಜಿನ ಹಾಗೇ ತೆಳು ಹಸಿರು ಛಾಯೆ ಇತ್ತು, ಮೂಲೆಯಲ್ಲಿ ತಯಾರಕರ ಮುದ್ರೆ, ಐಎಸ್‌ಐ ಗುರುತು, ಅದರ ಜೊತೆ ಐಎಸ್ 2553 ಅನ್ನುವ ಸಂಖ್ಯೆ. ಅದು ಗಾಡಿಗಳ ಸುರಕ್ಷಾ ಗಾಜಿನ ಭಾರತೀಯ ಮಾನಕ. ಲೋಕಲ್ ಗಾಜಿನ ಮೇಲೆ ಇದ್ಯಾವುದೂ ಇರಲಿಲ್ಲ. ಮಗಳ ಕಿವಿಯ ಪಕ್ಕ ಇರುವ ಗಾಜಿಗೆ 400 ರೂಪಾಯಿ ಉಳಿಸಲು ಮನಸ್ಸಾಗಲಿಲ್ಲ. ಗುಜರಿಯಲ್ಲಿ ಹಳೆಯ ಗಾಜು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಅಂಚು ಚಕ್ಕೆ ಎದ್ದಿರದಿದ್ದರೆ ಅದೂ ತಪ್ಪಲ್ಲ. ಹೊರಗಿನ ಬೀಡಿಂಗು 260, ಡೋರ್ ಪ್ಯಾಡಿನ (ಬಾಗಿಲಿನ ಒಳಮೈ ಮುಚ್ಚುವ ಹಲಗೆಯ) ಕ್ಲಿಪ್ಪು ಆರಕ್ಕೆ 60. ಕ್ಲಿಪ್ಪು ಮರೆಯಬೇಡಿ. ಹಳೆಯವು ಬಿಚ್ಚುವಾಗ ಒಂದೆರಡು ಮುರಿದೇ ಮುರಿಯುತ್ತವೆ.

ಟಫನ್ಡ್ ಗಾಜಿನ ಜೀವ ಅದರ ಅಂಚಿನಲ್ಲಿದೆ. ಅಂಚಿಗೆ ಕಬ್ಬಿಣ ತಾಗಿದರೆ ಸಾಕು, ಕೈಯಲ್ಲೇ ಪುಡಿ. ಹಳೆಯ ಕಂಬಳಿಯಲ್ಲಿ ಸುತ್ತಿ, ಮೇಲೆ ಗೋಣಿಚೀಲ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಮಂಡಗದ್ದೆ ದಾಟಿ ಬಂದೆ.

ಕೆಲಸ ಶುರು ಮಾಡಿದ್ದು ಭಾನುವಾರ ಬೆಳಿಗ್ಗೆ. ನನ್ನದು ಕೈಯಲ್ಲಿ ತಿರುಗಿಸಿ ಗಾಜು ಏರಿಸುವ ಮಾದರಿ. ಆ ಹ್ಯಾಂಡಲ್ಲಿಗೆ ಸ್ಕ್ರೂ ಕಾಣುವುದಿಲ್ಲ. ಹಿಂದೆ ಕುದುರೆಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ಪು ಇರುತ್ತದೆ. ಹಳೆ ಪಂಚೆಯ ತುಂಡನ್ನು ಹ್ಯಾಂಡಲ್ಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಮಜ್ಜಿಗೆ ಕಡೆಯುವ ಹಾಗೆ ಆಚೀಚೆ ಎಳೆದರೆ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿ ಹೊರಗೆ ತಳ್ಳುತ್ತದೆ. ಎದುರಿಗೆ ಇನ್ನೊಂದು ಬಟ್ಟೆ ಹಿಡಿದಿರಬೇಕು, ಇಲ್ಲದಿದ್ದರೆ ಅದು ಎಗರಿ ಹುಲ್ಲಿನಲ್ಲಿ ಮಾಯ. ಆಮೇಲೆ ಒಳಹಿಡಿಯ ಸ್ಕ್ರೂ, ಕೈಯೂರುವ ಕಡೆಯ ಸ್ಕ್ರೂಗಳು, ಕೊನೆಗೆ ಸುತ್ತಲ ಕ್ಲಿಪ್ಪು. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಕ್ಲಿಪ್ಪು ಇರುವ ಜಾಗದಲ್ಲೇ ಮೀಟಿದೆ.

ಪ್ಯಾಡಿನ ಹಿಂದೆ ಕಪ್ಪು ಅಂಟಿನಲ್ಲಿ ಹಚ್ಚಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅವಸರದಲ್ಲಿ ಅದನ್ನು ಹರಿದು ಬಿಸಾಡುವವರನ್ನು ನೋಡಿದ್ದೇನೆ. ನಮ್ಮ ಕಡೆಯ ಮಳೆಗೆ ಆ ಹಾಳೆ ಇಲ್ಲದಿದ್ದರೆ ಬಾಗಿಲೊಳಗೆ ಇಳಿಯುವ ನೀರು ಪ್ಯಾಡಿಗೆ ಹೊಕ್ಕು, ಪ್ಯಾಡು ಉಬ್ಬಿ, ಕಾರೆಲ್ಲ ಮುಗ್ಗಲು ವಾಸನೆ. ಬ್ಲೇಡಿನಲ್ಲಿ ಅಂಟನ್ನು ಸೀಳಿ ನಿಧಾನಕ್ಕೆ ಬಿಡಿಸಿದೆ. ಕೊನೆಯಲ್ಲಿ ಅದೇ ಅಂಟಿನ ಮೇಲೆ ಒತ್ತಿದರೆ ಮತ್ತೆ ಕೂರುತ್ತದೆ.

ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಗಾಜು ಹಾಕುವುದಲ್ಲ, ಒಡೆದದ್ದನ್ನು ತೆಗೆಯುವುದು. ಬಾಗಿಲ ಹೊಟ್ಟೆಯಿಂದ ಒಂದು ಸೇರಿಗೆ ಹತ್ತಿರ ಹರಳು ಬಂತು. ಬಾಗಿಲ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಹರಳು, ಕೆಸರು ಸೇರಿ ಅವು ಮುಚ್ಚಿದ್ದವು. ಹಿಡಿಕಡ್ಡಿ ತೂರಿಸಿ ಒಂದೊಂದನ್ನೂ ಬಿಡಿಸಿ, ಚೊಂಬಿನಲ್ಲಿ ನೀರು ಹೊಯ್ದು ಕೆಳಗೆ ಸುರಿಯುವುದನ್ನು ನೋಡಿಕೊಂಡೆ. ಇದನ್ನು ಬಿಟ್ಟರೆ ಎರಡು ಮಳೆಗಾಲದಲ್ಲಿ ಬಾಗಿಲ ತಳ ತುಕ್ಕು ಹಿಡಿಯುತ್ತದೆ. ಸೀಟಿನ ಬಟ್ಟೆಯಲ್ಲಿ ಕಚ್ಚಿಕೊಂಡ ಚೂರುಗಳಿಗೆ ವ್ಯಾಕ್ಯೂಮ್ ಸಾಲಲಿಲ್ಲ. ನನ್ನ ಹೆಂಡತಿ ಚಪಾತಿಗೆ ಕಲಸುವಂಥ ಹಿಟ್ಟಿನ ಉಂಡೆ ತಂದು ಒತ್ತಿ ಒತ್ತಿ ತೆಗೆದಳು. ಉಂಡೆಯ ಮೈಯೆಲ್ಲ ಮಿನುಗುವುದನ್ನು ನೋಡಿ ಇಬ್ಬರಿಗೂ ಎದೆ ಝಲ್ಲೆಂದಿತು. ಎಲ್ಲವೂ ಮಗಳು ಕೂರುವ ಜಾಗದಲ್ಲಿದ್ದವು.

ಗಾಜಿನ ಕೆಳ ಅಂಚು ಒಂದು ಕಬ್ಬಿಣದ ಪಟ್ಟಿಯಲ್ಲಿ ರಬ್ಬರಿನ ಜೊತೆ ಕೂತಿರುತ್ತದೆ, ಆ ಪಟ್ಟಿ ಗಾಜು ಏರಿಸಿ ಇಳಿಸುವ ವೈಂಡಿಂಗ್ ಮೆಷಿನ್ನಿಗೆ ಸ್ಕ್ರೂನಿಂದ ಸೇರಿರುತ್ತದೆ. ಅಂಗಡಿಯಿಂದ ತಂದ ಗಾಜಿಗೆ ಪಟ್ಟಿ ಇರಲಿಲ್ಲ, ಹಳೆಯದನ್ನೇ ಹಾಕಬೇಕು. ಪಟ್ಟಿ ಒಂದು ಬೆರಳು ಆಚೀಚೆ ಕೂತರೂ ಗಾಜು ವಾಲುತ್ತದೆ. ಅದಕ್ಕೆ ಬಲಗಡೆ ಬಾಗಿಲಿನ ಪ್ಯಾಡನ್ನೂ ಬಿಚ್ಚಿ, ಅಲ್ಲಿ ಅಂಚಿನಿಂದ ಪಟ್ಟಿಗೆ ಎಷ್ಟು ದೂರ ಅಂತ ಅಳೆದು ಈಕಡೆ ಗುರುತು ಹಾಕಿದೆ. ರಬ್ಬರಿಗೆ ಸೋಪಿನ ನೀರು ಸವರಿ, ಮರದ ಕೊರಡಿಗೆ ಬಟ್ಟೆ ಸುತ್ತಿ ಮೆತ್ತಗೆ ತಟ್ಟಿ ಕೂರಿಸಿದೆ. ಆಮೇಲೆ ಗಾಜನ್ನು ಮೇಲಿಂದ ಓರೆಯಾಗಿ ಇಳಿಸಿ ಎರಡೂ ಪಕ್ಕದ ರಬ್ಬರಿನೊಳಗೆ ಸೇರಿಸಿ ಸ್ಕ್ರೂ ಬಿಗಿದೆ. ಇಳಿಸುವಾಗ ಹೊರಗಿನಿಂದ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಆ ಹುಡುಗನೇ ಬಂದು ಹಿಡಿದ, ಉಸಿರು ಬಿಗಿಹಿಡಿದು.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಪಕ್ಕದ ರಬ್ಬರಿನ ಸೀಳಿನೊಳಗೆ ಬೆರಳಾಡಿಸಿ ನೋಡಿದ್ದೆ, ಬ್ರಷ್ ಹಾಕಿರಲಿಲ್ಲ. ಮೊದಲ ಸಲ ಗಾಜು ಏರಿಸಿದಾಗ 'ಕರ್' ಅಂತು. ನಿಲ್ಲಿಸುವಷ್ಟರಲ್ಲಿ ಹಿಂಬದಿ ಅಂಚಿನ ಹತ್ತಿರ ಒಂದು ಗೇಣು ಉದ್ದದ ಗೆರೆ. ಎಳ್ಳಿನಷ್ಟು ದೊಡ್ಡ ಒಂದೇ ಹರಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಸೀಳನ್ನು ಮೇಲಿಂದ ಕೆಳತನಕ ಉಜ್ಜಿದ್ದರೆ ಆ ಗೆರೆ ಬೀಳುತ್ತಿರಲಿಲ್ಲ. ಈಗಲೂ ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತದೆ.

ನನಗೆ ಮೂರೂವರೆ ತಾಸು ಹಿಡಿಯಿತು, ಕೈ ಪಳಗಿದ ಮೆಕ್ಯಾನಿಕ್‌ಗೆ ಒಂದು ತಾಸಿನ ಕೆಲಸ. ಗಾಜು 1,150, ಬೀಡಿಂಗು 260, ಕ್ಲಿಪ್ಪು 60, ಬಸ್ಸಿಗೆ 150. ಒಟ್ಟು 1,620. ಸರ್ವಿಸ್ ಸೆಂಟರಿನ ಅಂದಾಜಿಗಿಂತ 1,530 ಕಡಿಮೆ, ಬೋನಸ್ಸೂ ಉಳಿಯಿತು. ಸಮಯವಿಲ್ಲದವರು ಗಾಜು ತಾವೇ ತಂದು ಊರಿನ ಗ್ಯಾರೇಜಿನಲ್ಲಿ ಕೂಲಿ ಕೊಟ್ಟು ಹಾಕಿಸಿದರೂ ನಷ್ಟವಿಲ್ಲ. ಹರಳು ತೆಗೆಯುವಾಗ ಮಾತ್ರ ಪಕ್ಕದಲ್ಲಿ ನಿಂತಿರಿ.

ಪವರ್ ವಿಂಡೋ ಇದ್ದರೆ ವೈರಿನ ಕಪ್ಲರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೆರಳು ಸಿಕ್ಕಿದರೆ ತಾನೇ ಇಳಿಯುವ ಗಾಜಾದರೆ ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು, ಆ ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ. ಮುಂದಿನ ದೊಡ್ಡ ಗಾಜಿಗೆ ಮಾತ್ರ ಯಾರೂ ಮನೆಯಲ್ಲಿ ಕೈ ಹಾಕಬೇಡಿ. ಅದನ್ನು ಕೂರಿಸುವುದು ಪಾಲಿಯುರೆಥೇನ್ ಅಂಟಿನಲ್ಲಿ, ಅದು ಆರಲು ಹೊತ್ತು ಬೇಕು. ಎಷ್ಟೋ ಕಾರುಗಳಲ್ಲಿ ಎಡಗಡೆಯವರ ಏರ್‌ಬ್ಯಾಗು ಅರಳುವಾಗ ಆ ಗಾಜಿಗೇ ಒರಗುತ್ತದೆ. ಅಂಟು ಸರಿಯಿಲ್ಲದಿದ್ದರೆ ಗಾಜೇ ಕಿತ್ತು ಹೋಗುತ್ತದೆ.

ಸೆಪ್ಟೆಂಬರಿನಲ್ಲಿ ಸೀಟು ಹಿಂದಕ್ಕೆ ಸರಿಸುವಾಗ ಹಳಿಯಲ್ಲಿ ಇನ್ನೂ ಮೂರು ಹರಳು ಸಿಕ್ಕವು. ಆ ವಾರ ಸೀಟಿನ ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನೇ ಹೊರಗಿಟ್ಟು ಗುಡಿಸಿದೆ. ಜುಲೈನಲ್ಲೇ ಮಾಡಬೇಕಿದ್ದ ಕೆಲಸ ಅದು.