ಸಿಕ್ಲಿಡ್ ಟ್ಯಾಂಕ್: ಏಟು ತಿನ್ನುವ ಮೀನು, ಬೆಳೆಯದ ಮೀನು

ಆಫ್ರಿಕಾದ ಮಲಾವಿ ಸರೋವರದ ಎಂಬುನಾ (ಕಲ್ಲುಗಳ ನಡುವೆ ಬದುಕುವ ಸಿಕ್ಲಿಡ್ ಮೀನು) ಮರಿಗಳನ್ನು ಎಂಟು ತಂದು ಟ್ಯಾಂಕಿಗೆ ಬಿಟ್ಟರೆ, ಆರು ತಿಂಗಳಲ್ಲಿ ಉಳಿದವು ಬೆರಳುದ್ದ ಆಗಿದ್ದರೂ ಒಂದು ಮಾತ್ರ ತಂದ ದಿನ ಇದ್ದಷ್ಟೇ ಇರುವುದುಂಟು. ಅದರ ಹಣೆಬರಹವೇ ಇಷ್ಟು ಎಂದು ಬಿಡುವ ಮುನ್ನ ಅದು ಎಲ್ಲಿ ನಿಲ್ಲುತ್ತದೆ ನೋಡಿ. ಹೀಟರ್ ಹಿಂದೆ, ನೀರಿನ ಮೇಲ್ಮಟ್ಟದ ಮೂಲೆಯಲ್ಲಿ ಅಂಟಿಕೊಂಡಿದ್ದು, ಬಾಲದ ಅಂಚು ಹರಿದಿದ್ದರೆ ಏಟು ತಿನ್ನುತ್ತಿದೆ. ರೆಕ್ಕೆ ನೆಟ್ಟಗಿದ್ದು, ಹೊಟ್ಟೆ ಒಳಸೇರಿ, ಮಲ ಬಿಳಿ ದಾರದಂತೆ ನೇತಾಡುತ್ತಿದ್ದರೆ ಕರುಳಿನ ಪರಾವಲಂಬಿಯ ಅನುಮಾನ. ಇವೆರಡನ್ನೂ ಕಲಸಿಕೊಂಡರೆ ಔಷಧಿಯೂ ದಂಡ, ಮೀನೂ ದಂಡ. ಎರಡನೆಯದಾದರೆ ಬೇರೆ ಟ್ಯಾಂಕಿಗೆ ಹಾಕಿ ಮೆಟ್ರೊನಿಡಜೋಲ್ ಕೊಡುತ್ತಾರೆ.

ಏಟಿನ ವಿಷಯದಲ್ಲಿ ಬಹಳ ಜನ ಪೆಟ್ಟು ತಿಂದ ಮೀನನ್ನು ತೆಗೆಯುತ್ತಾರೆ. ಮರುದಿನವೇ ಅದರ ನಂತರದ ದುರ್ಬಲ ಮೀನಿಗೆ ಸರದಿ ಬರುತ್ತದೆ. ತೆಗೆಯಬೇಕಾದದ್ದು ಹೊಡೆಯುವ ಗಂಡನ್ನು. ಅದನ್ನು ಏಳರಿಂದ ಹತ್ತು ದಿನ ಬೇರೆ ಇಡಿ. ಅಷ್ಟರಲ್ಲಿ ಕಲ್ಲುಗಳ ಜಾಗ ಪೂರ್ತಿ ಬದಲಿಸಿ, ದೀಪ ಆರಿಸಿದ ಮೇಲೆ ವಾಪಸ್ ಬಿಡಿ. ತನ್ನದೆಂದು ಕಾಯುತ್ತಿದ್ದ ಗುಹೆ ಅಲ್ಲಿಲ್ಲದ್ದರಿಂದ ಅದು ಮೊದಲಿನಿಂದ ಜಾಗ ಹಿಡಿಯಬೇಕಾಗುತ್ತದೆ. ವಾರದೊಳಗೆ ಹಳೆ ಚಾಳಿ ಮರುಕಳಿಸಿದರೆ ಆ ಮೀನನ್ನು ಯಾರಿಗಾದರೂ ಕೊಟ್ಟುಬಿಡುವುದೇ ಸರಿ. ಕೆಲವು ಗಂಡುಗಳು ಸುಧಾರಿಸುವುದಿಲ್ಲ.

ಕಲ್ಲನ್ನು ಮರಳಿನ ಮೇಲೆ ಪೇರಿಸಬೇಡಿ. ಎಂಬುನಾ ಅಗೆಯುವ ಮೀನು. ಕೆಳಗಿನ ಮರಳು ಜಾರಿದರೆ ರಾಶಿ ಕುಸಿದು ಗಾಜು ಒಡೆಯಬಹುದು. ಮೊದಲು ತಳದಲ್ಲಿ ಕಲ್ಲು ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಟ್ಯಾಂಕಿನ ಒಂದು ತುದಿಯಿಂದ ಇನ್ನೊಂದು ತುದಿ ನೇರ ಕಾಣದಂತೆ ರಾಶಿಗಳನ್ನು ಅಡ್ಡ ಇಡಿ. ಕಣ್ಣಿಗೆ ಬೀಳದ ಮೀನಿನ ಬೆನ್ನಟ್ಟುವಿಕೆ ಅಲ್ಲಿಗೇ ನಿಲ್ಲುತ್ತದೆ.

ಸಂಖ್ಯೆಯೂ ಮುಖ್ಯ. ಎರಡು ಮೂರೇ ಮೀನಿದ್ದರೆ ಎಲ್ಲ ಕೋಪವೂ ಒಂದರ ಮೇಲೆ ಬೀಳುತ್ತದೆ. ನಾಲ್ಕು ಅಡಿ ಟ್ಯಾಂಕಿನಲ್ಲಿ, ಅಂದರೆ 120×45×45 ಸೆಂ.ಮೀ., ಸುಮಾರು 240 ಲೀಟರ್‌ನಲ್ಲಿ, ಹನ್ನೆರಡರಿಂದ ಹದಿನೈದು ಮೀನು, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇಡಿ. ಒಂದೇ ಬಣ್ಣದ ಪಟ್ಟೆಯ ಬೇರೆ ಜಾತಿಗಳನ್ನು ಕೂಡಿಸಬೇಡಿ. ನೀಲಿ ಪಟ್ಟೆಯ ಎಂಬುನಾ ಜಾತಿಯಾದ ಡೆಮಸೋನಿಯ ಗಂಡಿಗೆ ನೀಲಿ ಪಟ್ಟೆಯ ಮೀನೆಲ್ಲ ಪೈಪೋಟಿಯೇ.

ಮೇವನ್ನು ಎರಡೂ ತುದಿಯಲ್ಲಿ ಒಂದೇ ಸಲ ಹಾಕಿ. ಯಜಮಾನ ಗಂಡು ಎರಡೂ ಕಡೆ ಕಾಯಲಾರದು, ಸಣ್ಣದಕ್ಕೂ ತುತ್ತು ಸಿಗುತ್ತದೆ. ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಮುಖ್ಯವಾಗಿರುವ ಪೆಲೆಟ್ ಅರೆ ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಎರಡು ಸಲ. ಬೇಗ ಬೆಳೆಯಲಿ ಎಂದು ಬೀಫ್‌ಹಾರ್ಟ್ (ದನದ ಹೃದಯದ ಮಾಂಸ) ಹಾಕಿದರೆ ಪಾಚಿ ಕೆರೆದು ತಿನ್ನುವ ಈ ಮೀನಿನ ಹೊಟ್ಟೆ ಕೆಟ್ಟು, ಉಬ್ಬಿ ಸಾಯಬಹುದು.

ಹೊಡೆದಾಟವಿಲ್ಲದೆಯೂ ಎಲ್ಲ ಮರಿಗಳೂ ನಿಧಾನವಾದರೆ ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಬಾರದು, ಮರಿಗಳ ಟ್ಯಾಂಕಿನಲ್ಲಿ 20ರ ಒಳಗಿದ್ದರೆ ಒಳ್ಳೆಯದು. ವಾರಕ್ಕೆ 40 ಶೇಕಡಾ ನೀರು ಬದಲಿಸಿ. ಮರಿಗಳಿಗೆ 30ರಂತೆ ಎರಡು ಸಲ. ಗೀಸರ್ ಹಾಳುಮಾಡುವ ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವುದನ್ನು ಮರೆಯಬೇಡಿ.

ಮರಿಗಳನ್ನು ಮೂರು ವಾರಕ್ಕೊಮ್ಮೆ ಗಾತ್ರ ನೋಡಿ ಬೇರ್ಪಡಿಸಿ. ಅರ್ಧ ಸೆಂ.ಮೀ. ವ್ಯತ್ಯಾಸವಿದ್ದರೂ ದೊಡ್ಡದು ಮೇವಿನ ಮೇಲೆ ಹಿಡಿತ ಸಾಧಿಸುತ್ತದೆ. ಸಣ್ಣವನ್ನು ಬೇರೆ ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಪುಡಿಮಾಡಿದ ಮೇವು ಕೊಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಆದರೆ ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಾಣುವ ಹಂತ ತಲುಪಿದ ಮೀನು ಪೂರ್ತಿ ಅಳತೆಗೆ ಬರುವುದು ಅಪರೂಪ. ಅದನ್ನು ಮರಿ ಮಾಡಿಸಲು ಬಳಸಬೇಡಿ, ಶಾಂತ ಜಾತಿಯಾದ ಯೆಲ್ಲೋ ಲ್ಯಾಬ್‌ಗಳ ಟ್ಯಾಂಕಿನಲ್ಲಿ ಇರಲು ಬಿಡಿ.