ಹೊಟ್ಟಿ ಸಾಫ್ ಆಗಲಿಕ್ಕ ನಾರಿನಂಶ, ಅದರ ಜೋಡಿ ನೀರು

ಬ್ಯಾಸಗಿ ಬಂತಂದ್ರ ನಮ್ಮ ಕಲಬುರಗಿ ಕಡೆ ಮನಿ ಹಿರಿಯರದು ಒಂದೇ ಮಾತು, ‘ಹೊಟ್ಟಿ ಸಾಫ್ ಆಗವಲ್ದು’. ಬೆವರಿನಾಗ ಮೈಯಾಗಿನ ನೀರು ಹೋಗಿ ಮಲ ಗಟ್ಟಿ ಆಗ್ತದ. ಗುಳಿಗಿ ತರೂಕಿಂತ ಮೊದಲ ತಾಟು ನೋಡ್ರಿ. ಬರೀ ಅನ್ನ, ಚಾ, ಬಿಸ್ಕೀಟು ಇದ್ರ ನಾರಿನಂಶ ಎಲ್ಲಿಂದ ಬರಬೇಕು? ದೊಡ್ಡವರಿಗೆ ದಿನಕ್ಕ 25ರಿಂದ 30 ಗ್ರಾಂ ಬೇಕು. ಜ್ವಾಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಸಿಪ್ಪಿ ಸಮೇತ ಪೇರಲಹಣ್ಣು ದಿನಾ ಇರಲಿ. ಹಿಟ್ಟು ಸಣ್ಣಗ ಸಾಣಿಸಿ ತೌಡು ಚೆಲ್ಲಬ್ಯಾಡ್ರಿ. ಒಮ್ಮಿಗೇ ಹೆಚ್ಚು ಮಾಡಿದ್ರ ಗ್ಯಾಸ್ ಆಗ್ತದ, ಸಾವಕಾಶ ಏರಿಸ್ರಿ.

ಹೊಟ್ಟಿ ಸಾಫ್ ಆಗಲಿಕ್ಕ ಇಸಬಗೋಲ್ (ನೀರಾಗ ಉಬ್ಬೋ ನಾರಿನ ಹೊಟ್ಟು) ತಗೊಳ್ಳೋರು ಇದನ್ನ ಮಾತ್ರ ಮರೀಬ್ಯಾಡ್ರಿ: ಒಂದು ಚಮಚ, ತುಂಬಿದ ಗ್ಲಾಸು ನೀರಾಗ ಕಲಸಿ ಕೂಡ್ಲೇ ಕುಡೀಬೇಕು. ಇಟ್ರ ಲೋಳಿ ಆಗಿ ಗಟ್ಟಿ ಆಗ್ತದ. ಒಣಾದೇ ಬಾಯಿಗೆ ಹಾಕ್ಕೊಂಡ್ರ ಗಂಟಲಾಗ ಸಿಕ್ಕೋತದ. ನುಂಗಲಿಕ್ಕ ತ್ರಾಸ ಇರೋ ವಯಸ್ಸಾದವರಿಗೆ ಕೊಡಲೇಬ್ಯಾಡ್ರಿ. ಬ್ಯಾರೆ ಗುಳಿಗಿಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಕಿಡ್ನಿ, ಹಾರ್ಟ್ ತೊಂದರಿಗೆ ನೀರು ಕಡಿಮಿ ಕುಡೀರಿ ಅಂದಿದ್ರ ಡಾಕ್ಟರಿಗೆ ಕೇಳೇ ಶುರು ಮಾಡ್ರಿ. ಮಲದಾಗ ರಕ್ತ, ತೂಕ ಇಳಿಯೋದು, ವಾಂತಿ, ಗಾಳಿನೂ ಹೋಗದಂಗ ಹೊಟ್ಟಿ ನೋವು ಇದ್ರ ಮನಿಮದ್ದು ಬಿಟ್ಟು ತಡ ಮಾಡದೇ ದವಾಖಾನಿಗೆ ಹೋಗ್ರಿ.