ಬಿಸಿಲು ಬಂತು, ಕೊಟ್ಟಿಗೆಯ ಹೊತ್ತು ಬದಲಾಯಿತು

ಹೋಳಿ ಮುಗಿದು ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆದರೆ ಸಾಕು, ನಮ್ಮ ಕಡೆ ಬಿಸಿಲು ಕಣ್ಣು ಬಿಡುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿತು ಅಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ನಾಲ್ಕು ಎಮ್ಮೆ, ಒಂದು ಜೋಡಿ ದೇವಣಿ ಎತ್ತು, ಒಂದು ಆಕಳು, ಅದರ ಕರು, ಒಂದಿಪ್ಪತ್ತು ಉಸ್ಮಾನಾಬಾದಿ ಆಡು. ನೋಡಿಕೊಳ್ಳುವವರು ನಾನು, ಮನೆಯವರು, ನಮ್ಮ ಅತ್ತೆ. ಆಳು ಅಂತ ಯಾರೂ ಇಲ್ಲ.

ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಇಳಿದ ಕೂಡಲೇ ಹಿಂಡಿ ಜಾಸ್ತಿ ಹಾಕುವವರೇ ಹೆಚ್ಚು. ನಾನು ಹಿಂಡಿಯ ಅಳತೆಗೆ ಕೈ ಹಚ್ಚುವುದಿಲ್ಲ. ಹಿಂಡಿ ಹೆಚ್ಚಾಗಿ ಮೇವು ಕಡಿಮೆಯಾದರೆ ಹೊಟ್ಟೆ ಹುಳಿಯಾಗುತ್ತದೆ, ಸಗಣಿ ತೆಳ್ಳಗಾಗುತ್ತದೆ, ಡೈರಿಯಲ್ಲಿ ಫ್ಯಾಟ್ ಬೀಳುತ್ತದೆ. ದುಡ್ಡು ಎರಡೂ ಕಡೆಯಿಂದ ಹೋಯಿತು ಅಲ್ವಾ? ನಾನು ಬದಲಿಸುವುದು ಹೊತ್ತನ್ನು.

ದನದ ಹೊಟ್ಟೆಯಲ್ಲಿ ಮೇವು ಕರಗುವಾಗ ಕಾವು ಹುಟ್ಟುತ್ತದೆ. ಒಣ ಮೇವಿಗೆ ಈ ಕಾವು ಇನ್ನೂ ಜಾಸ್ತಿ. ಬೆಳಿಗ್ಗೆ ಒಂಬತ್ತಕ್ಕೆ ಗೋದಲಿ ತುಂಬ ಕಣಕಿ, ಅಂದರೆ ಜೋಳದ ಒಣ ದಂಟು, ಹಾಕಿದರೆ, ಒಳಗಿನ ಕಾವು ಏರುವ ಹೊತ್ತಿಗೆ ಸರಿಯಾಗಿ ಹೊರಗಿನ ಬಿಸಿಲೂ ನೆತ್ತಿಗೆ ಬಂದಿರುತ್ತದೆ. ಅದಕ್ಕೇ ಮಾರ್ಚ್ ಮಧ್ಯದಿಂದ ಕಣಕಿ ಹಾಕುವುದು ರಾತ್ರಿ ಊಟದ ಹೊತ್ತಿಗೆ ಮತ್ತು ನಸುಕಿನ ನಾಲ್ಕಕ್ಕೆ. ಹಗಲಲ್ಲಿ ಬೋರ್ ನೀರಿನಲ್ಲಿ ಬೆಳೆದ ಹಸಿ ಹುಲ್ಲು ಒಂದಿಷ್ಟು, ಅಷ್ಟೇ. ಜೋಳದ ಕಣಕಿಯನ್ನು ಮಶಿನ್‌ನಲ್ಲಿ ಕತ್ತರಿಸಿ, ಉಪ್ಪುನೀರು ಚಿಮುಕಿಸಿ ಹಾಕುತ್ತೇನೆ. ಇಡೀ ಸಿವುಡು ಹಾಕಿದರೆ ಎಲೆ ತಿಂದು ದಂಟು ಬಿಡುತ್ತವೆ. ಹಿಂಡಿಯ ಜೊತೆ ತೊಗರಿ ಚುನ್ನಿ, ಅಂದರೆ ಬೇಳೆ ಮಾಡುವಾಗ ಉಳಿಯುವ ಸಿಪ್ಪೆ-ನುಚ್ಚು, ಕೊಡುತ್ತೇವೆ. ದಾಲ್ ಮಿಲ್ ಇರುವ ಜಿಲ್ಲೆಯಲ್ಲಿ ಹುಟ್ಟಿದ್ದಕ್ಕೆ ನಮ್ಮ ಎಮ್ಮೆಗಳಿಗೆ ಸಿಕ್ಕ ಲಾಭ ಅದು.

ದೇವಣಿಗಳದ್ದು ಚಿಂತೆ ಇಲ್ಲ. ನಮ್ಮ ಎತ್ತುಗಳು ದೇವಣಿಯಲ್ಲೇ ವಾನೇರಾ ಎಂಬ ಬಗೆಯವು: ಮೈ ಬಿಳಿ, ಮುಖದ ಎರಡೂ ಪಕ್ಕ ಕಪ್ಪು. ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ಮಧ್ಯಾಹ್ನ ಕಳೆಯುತ್ತವೆ. ಎಮ್ಮೆ ಹಾಗಲ್ಲ. ಕಪ್ಪು ಚರ್ಮ, ಬೆವರುವುದೂ ಕಡಿಮೆ. ಕೆರೆಯಲ್ಲಿ ಮುಳುಗಬೇಕಾದ ಪ್ರಾಣಿ ಅದು, ನಮ್ಮ ಹಳ್ಳವೋ ಯುಗಾದಿಗೆ ಮೊದಲೇ ಬತ್ತುತ್ತದೆ. ಬಿಸಿಲು ತಾಳದಿದ್ದರೆ ಎಮ್ಮೆ ಮೊದಲು ಮೇವು ಬಿಡುತ್ತದೆ, ಆಮೇಲೆ ಕತ್ತು ಮುಂದೆ ಚಾಚಿ ಬಾಯಿ ತೆರೆದು ಉಸಿರಾಡುತ್ತದೆ. ಜೊಲ್ಲು ದಾರದಂತೆ ಇಳಿಯುತ್ತಿರುತ್ತದೆ. ಅಲ್ಲಿವರೆಗೆ ಕಾಯಬಾರದು. ಹನ್ನೊಂದಕ್ಕೆ, ಎರಡಕ್ಕೆ, ಸಂಜೆ ಹಿಂಡುವ ಅರ್ಧ ಗಂಟೆ ಮೊದಲು ಮೈಗೆ ನೀರು ಹೊಡೆಯುತ್ತೇವೆ. ಬರೀ ನೀರು ಹೊಡೆದರೆ ಸಾಲದು, ಗಾಳಿ ಆಡಬೇಕು. ಮುಚ್ಚಿದ ಶೆಡ್‌ನಲ್ಲಿ ನೀರು ಹೊಡೆದರೆ ಇನ್ನಷ್ಟು ಕುದಿ. ಕೆಲವರು ಬೆನ್ನ ಮೇಲೆ ಹಸಿ ಗೋಣಿ ಚೀಲ ಹಾಕುತ್ತಾರೆ. ಒಳ್ಳೆಯದೇ, ಆದರೆ ಅದು ಒಣಗಿದ ಮೇಲೂ ಅಲ್ಲೇ ಇದ್ದರೆ ಕಂಬಳಿ ಹೊದಿಸಿದ ಹಾಗೆ.

ಶೆಡ್‌ನ ತಗಡಿನ ಮೇಲೆ ತೊಗರಿ ಕಟ್ಟಿಗೆ ದಪ್ಪಗೆ ಹರಡಿ ಹಗ್ಗ ಬಿಗಿದಿದ್ದೇವೆ. ಪಡುವಣ ಬದಿಗೆ ಅದೇ ಕಟ್ಟಿಗೆಯ ತಟ್ಟಿ. ಖರ್ಚಿಲ್ಲ, ಬೆಂಕಿಯ ಭಯ ಮಾತ್ರ ಇದೆ. ಆ ಕಡೆ ಬೀಡಿ ಹಿಡಿದು ಬಂದವರಿಗೆ ನಮ್ಮ ಅತ್ತೆಯ ಬಾಯಿಂದ ಬಿಡುಗಡೆ ಇಲ್ಲ.

ಕುಡಿಯುವ ನೀರಿನ ಬಗ್ಗೆ ಒಂದು ಮಾತು. ಬಿಸಿಲಿಗೆ ಬಿದ್ದ ಕರಿ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿರುತ್ತದೆ. ಎಮ್ಮೆ ಮೂತಿ ಇಟ್ಟು ಹಿಂದೆ ಸರಿಯುತ್ತದೆ. ನಾವು 'ಬಾಯಾರಿಕೆ ಇಲ್ಲ' ಅಂದುಕೊಳ್ಳುತ್ತೇವೆ. ಮೊದಲ ನೀರನ್ನು ಹುಲ್ಲಿನ ಪಾತಿಗೆ ಬಿಟ್ಟು, ತಣ್ಣಗೆ ಬಂದ ಮೇಲೆ ಬೇವಿನಡಿಯ ಬಾನಿ ತುಂಬುತ್ತೇನೆ. ಹಾಲು ಕೊಡುವ ಎಮ್ಮೆ ಈ ದಿನಗಳಲ್ಲಿ ಕೊಡಗಟ್ಟಲೆ ಕುಡಿಯುತ್ತದೆ.

ನಸುಕಿನಲ್ಲಿ ಏಳುವುದರಿಂದ ಇನ್ನೊಂದು ಲಾಭ. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಕೂಗುವುದಿಲ್ಲ. ಬಂದರೂ ರಾತ್ರಿ ತಂಪಿನಲ್ಲಿ, ಹಗಲಿಗೆ ಗುರುತೇ ಸಿಗುವುದಿಲ್ಲ. ಮೇವು ಹಾಕುವಾಗ ಬ್ಯಾಟರಿ ಹಿಡಿದು ಬಾಲದ ಕೆಳಗೆ ನೋಡುತ್ತೇನೆ. ಮೊಟ್ಟೆಯ ಬಿಳಿಯ ಥರ ತೆಳ್ಳನೆ ಲೋಳೆ ಇಳಿದಿದ್ದರೆ, ಪದೇ ಪದೇ ಉಚ್ಚೆ ಹೊಯ್ಯುತ್ತಿದ್ದರೆ, ಅವತ್ತು ಸಂಜೆಗೇ ಡಾಕ್ಟರನ್ನು ಕರೆಸಿ ಗರ್ಭ ಕಟ್ಟುವ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸುತ್ತೇವೆ. ಆ ಬೆದೆ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ಈ ದಿನಗಳಲ್ಲಿ ನನಗೆ ಬಿಸಿಲಿಗಿಂತ ಹೆಚ್ಚು ಹೆದರಿಕೆ ಜೋಳದ ಕೂಳೆಯದು. ಕೊಯ್ದ ಹೊಲದಲ್ಲಿ ಅಡ್ಡಮಳೆ ಒಂದು ಬಿದ್ದರೆ ಬುಡದಿಂದ ಹಸಿರು ಚಿಗುರು ಎದ್ದು ನಿಲ್ಲುತ್ತದೆ. ಸುತ್ತ ಎಲ್ಲ ಒಣಗಿರುವಾಗ ದನಕ್ಕೆ ಅದೇ ಕಣ್ಣಿಗೆ ಬೀಳುತ್ತದೆ. ಮೊಣಕಾಲೆತ್ತರ ದಾಟದ, ನೀರಿಲ್ಲದೆ ಬಾಡಿದ ಆ ಚಿಗುರಿನಲ್ಲಿ ಸೈನೈಡ್ ವಿಷ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಬಾಯಲ್ಲಿ ನೊರೆ, ಏದುಸಿರು, ತೂರಾಟ, ಆಮೇಲೆ ನೆಲಕ್ಕೆ ಬೀಳುವುದು. ಡಾಕ್ಟರು ನರಕ್ಕೆ ಔಷಧಿ ಕೊಟ್ಟರೆ ಉಳಿಯಬಹುದು. ಹುಣಸೆನೀರು, ಮಜ್ಜಿಗೆ ಅಂತ ಹೊತ್ತು ಕಳೆಯಬಾರದು, ಕೂಡಲೇ ದನದ ಆಂಬುಲೆನ್ಸ್‌ನ ನಂಬರ್ 1962ಕ್ಕೆ ಫೋನ್ ಮಾಡಬೇಕು. ಬಾಜೂ ಹೊಲದವರು ಹೋದ ವರ್ಷ ಆಕಳು ಬಿಚ್ಚಿಬಿಟ್ಟಾಗ ನಮ್ಮ ಮನೆಯವರು ಓಡಿ ಹೋಗಿ, "ಕಾಕಾ, ಹೊಡ್ಕೊಂಡು ಬರ್ರಿ, ಅಲ್ಲಿ ಕೂಳಿ ಚಿಗುರ್ಯಾದ" ಅಂದಿದ್ದರು. ಚೆನ್ನಾಗಿ ಒಣಗಿದ ಕಣಕಿಗೆ ಈ ಭಯ ಇಲ್ಲ. ವಿಷ ಇರುವುದು ಹಸಿ ಚಿಗುರಿನಲ್ಲಿ.

ಆಡುಗಳನ್ನು ಬೆಳಿಗ್ಗೆ ಆರಕ್ಕೆ ಬಿಟ್ಟು ಹತ್ತರೊಳಗೆ ತರುತ್ತೇವೆ, ಮತ್ತೆ ಸಂಜೆ. ಬೇಸಿಗೆ ಅವುಗಳಿಗೆ ಕಷ್ಟಕಾಲ ಅಂತ ನನಗೆ ಅನ್ನಿಸಿಲ್ಲ. ತೊಗರಿ ಹೊಟ್ಟು ಇದೆ, ಜಾಲಿ ಕಾಯಿ ಉದುರುವ ಕಾಲ ಬೇರೆ. ಅತ್ತೆ ಕೊಕ್ಕೆ ಕೋಲಿನಿಂದ ಟೊಂಗೆ ಅಲುಗಿಸಿದರೆ ಸದ್ದಿಗೇ ಓಡಿ ಬರುತ್ತವೆ. ರಾತ್ರಿ ಮೆಲುಕು ಹಾಕುವಾಗ ಗಟ್ಟಿ ಬೀಜಗಳನ್ನು ಉಗುಳುತ್ತವೆ. ಬೆಳಿಗ್ಗೆ ದೊಡ್ಡಿ ಗುಡಿಸಿದರೆ ಕಸಬರಿಗೆಯ ಮುಂದೆ ನುಣ್ಣನೆ ಕರಿ ಬೀಜಗಳ ಸಾಲು. ಹಿತ್ತಲಲ್ಲಿ ಎದ್ದಿರುವ ಜಾಲಿ ಗಿಡಗಳೆಲ್ಲ ಹಾಗೆ ಬಂದವು, ಸುಮ್ನೆ ಯಾರೂ ಹಚ್ಚಿದ್ದಲ್ಲ. ಮಳೆಗಿಂತ ಮೊದಲು ಆಡಿಗೆ ಕರುಳುಬೇನೆ, ಎಮ್ಮೆಗೆ ಗಳಲೆ ರೋಗದ ಲಸಿಕೆ ಹಾಕಿಸುವುದನ್ನು ಮರೆಯುವುದಿಲ್ಲ.

ಹೋತಗಳನ್ನು ಮಾರ್ಚ್‌ನಲ್ಲಿ ಮಾರುವುದಿಲ್ಲ. ಮೇವಿನ ಚಿಂತೆಗೆ ಆಗ ಎಲ್ಲರೂ ಮಾರುತ್ತಾರೆ, ರೇಟು ಬಿದ್ದಿರುತ್ತದೆ. ಬಕ್ರೀದ್ ವರ್ಷವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತದೆ, ಈಗ ನಮ್ಮ ಬೇಸಿಗೆಯೊಳಗೇ ಬಂದಿದೆ. ಅಲ್ಲಿವರೆಗೆ ಜಾಲಿ ಕಾಯಿ, ಹೊಟ್ಟು ಹಾಕಿ ಇಟ್ಟುಕೊಳ್ಳುತ್ತೇವೆ. ವ್ಯಾಪಾರಿ ಬೆಳಿಗ್ಗೆಯೇ ಬರುತ್ತಾನೆ, ಹೊಟ್ಟೆ ಖಾಲಿ ಇದ್ದಾಗ ತೂಕ ಮಾಡಬೇಕಂತೆ. "ಸಂಜಿಕ ಬಾರೋ ತಮ್ಮಾ, ನೀರು ಕುಡದ ಮ್ಯಾಲ ತೂಗೋಣು" ಅಂತಾರೆ ಅತ್ತೆ. ಕೊನೆಗೆ ತೂಕ ಆಗುವುದು ಮಧ್ಯಾಹ್ನಕ್ಕೆ, ಬೇವಿನ ನೆರಳಲ್ಲಿ, ಇಬ್ಬರೂ ಗೊಣಗುತ್ತಾ.